ಒಂದು ಕಣ್ಣಿನ ಲೆಕ್ಕ

ನಮ್ಮ ವೈನಿ ಸರಕಾರದ ಯಾವ ಲೆಕ್ಕದಲ್ಲೂ ಕುರುಡರಲ್ಲ. ಎಡಗಣ್ಣಿನಲ್ಲಿ ಅವರಿಗೆ ಬೆಳಕು ಯಾವುದು, ಕತ್ತಲೆ ಯಾವುದು ಎಂಬುದಷ್ಟೇ ತಿಳಿಯುತ್ತದೆ. ಆದರೆ ದೇಶದಲ್ಲಿ ಕುರುಡರೆಷ್ಟು ಎಂದು ಎಣಿಸುವವರು ಎರಡು ಕಣ್ಣುಗಳಲ್ಲಿ ಚೆನ್ನಾಗಿರುವ ಕಣ್ಣನ್ನು ಹಿಡಿದು ಎಣಿಸುತ್ತಾರೆ. ಬಲಗಣ್ಣು ಇದೆಯಲ್ಲ, ಮುಗಿಯಿತು. ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಹೋದರೆ ಅಲ್ಲಿಯೂ ಅದೇ ಕಥೆ. ಒಂದು ಕಣ್ಣು ಹೋಗಿ ಇನ್ನೊಂದು ನೆಟ್ಟಗಿದ್ದರೆ ಶೇಕಡಾ 30. 2016ರ ಕಾಯ್ದೆಯ ಮುಖ್ಯ ಸವಲತ್ತುಗಳಿಗೆ ಬೇಕಾದದ್ದು ಶೇಕಡಾ 40. ಹತ್ತು ಕಡಿಮೆ. ಶಾಲೆಯಲ್ಲಿ ಮೂವತ್ತು ವರ್ಷ ಅಂಕ ಹಾಕಿದವಳು ನಾನು, ಐದು ಅಂಕಕ್ಕೆ ಹುಡುಗರನ್ನು ಪಾಸು ಮಾಡಿದ್ದುಂಟು. ಇಲ್ಲಿ ಕೃಪಾಂಕ ಕೊಡುವವರು ಯಾರೂ ಇಲ್ಲ.

ಹಾಗಾದರೆ ವೈನಿಯವರಿಗೆ ಏನೂ ಆಗಿಲ್ಲವೇ? ಒಲೆಯ ಮೇಲಿನ ಪಾತ್ರೆ ಎಷ್ಟು ದೂರದಲ್ಲಿದೆ ಎಂಬ ಅಂದಾಜು ತಪ್ಪಿ ಕೈ ಸುಟ್ಟುಕೊಳ್ಳುತ್ತಾರೆ. ಲೋಟಕ್ಕೆ ಚಹಾ ಬಗ್ಗಿಸಿದರೆ ಅರ್ಧ ಹೊರಗೆ. ಕೌದಿ ಹೊಲಿಯುವುದರಲ್ಲಿ ಓಣಿಗೇ ಹೆಸರಾದವರು ಸೂಜಿ ಕೆಳಗಿಟ್ಟು ಎಷ್ಟೋ ವರ್ಷವಾಯಿತು. ಮದುವೆ ಮುಂಜಿಯಲ್ಲಿ ಆರತಿ ತಟ್ಟೆ ಹಿಡಿಯಲು ಅವರನ್ನು ಯಾರೂ ಕರೆಯುವುದಿಲ್ಲ. ಕರೆದರೂ ಅವರು ಮುಂದೆ ಬರುವುದಿಲ್ಲ, ಸೆರಗನ್ನು ಎಡಗಡೆಗೆ ತುಸು ಮುಂದೆ ಎಳೆದುಕೊಂಡು ಕೂಡುತ್ತಾರೆ. ಇದಕ್ಕೆ ಶೇಕಡಾ ಎಷ್ಟು?

ನಾನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಆ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೆಯೇ ಇದೆ, ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ತವರು ಸಾವಳಗಿ. ಸಾವಳಗಿ ಎಂದ ಕೂಡಲೆ ಹಲವರು ಗೋಕಾಕ ಸೀಮೆಯ ಮಠದ ಸಾವಳಗಿ ಎಂದುಕೊಳ್ಳುತ್ತಾರೆ. ನಮ್ಮದು ಜಮಖಂಡಿ ತಾಲೂಕಿನದು. ನಾನು ಲಂಗ ಉಟ್ಟು ಓಡಾಡುವಾಗ ಅಲ್ಲಿ ಕಣ್ಣು ಹಾಯುವವರೆಗೂ ಬಿಳಿಜೋಳ. 1989ರಲ್ಲಿ ನಮ್ಮ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರೇ ಹಣ ಕೂಡಿಸಿ, ರಟ್ಟೆ ಮುರಿದು ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂದು ಅದಕ್ಕೆ ಹೆಸರು. ಅದು ನಮ್ಮೆಲ್ಲರ ಹೆಮ್ಮೆ, ಅದರಲ್ಲಿ ಎರಡು ಮಾತಿಲ್ಲ. ನೀರು ಬಂತು, ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆ ಬಂದವು. ಕಬ್ಬಿನ ಜೊತೆಗೆ ರವದಿಯೂ ಬಂತು. ಒಣಗಿದ ಕಬ್ಬಿನ ಎಲೆಯ ಅಂಚನ್ನು ಬೆರಳಿಂದ ಸವರಿ ನೋಡಿದವರಿಗೆ ಗೊತ್ತು, ಅದು ಗರಗಸ. ಆ ಗರಗಸದ ಕಾಡಿನಲ್ಲಿ ಬಗ್ಗಿ ಕಳೆ ತೆಗೆಯುವವರು, ರವದಿ ಸುಲಿಯುವವರು ಹೆಂಗಸರು. ಕಬ್ಬು ಮಾರಿದ ಹಣ ಯಾರ ಕಿಸೆಗೆ ಹೋಗುತ್ತದೆ ಎಂಬುದು ಬೇರೆ ಮಾತು.

2016ರ ಡಿಸೆಂಬರ್. ಕಟಾವಿನ ದಿನಗಳು. ವೈನಿಯವರ ಎಡಗಣ್ಣಿಗೆ ರವದಿ ಬಡಿಯಿತು. ಬಾಗಲಕೋಟೆಯಿಂದ ನಾನು ಫೋನು ಮಾಡಿದಾಗ ಮೂರನೆಯ ದಿನ. "ಏನ ಆಗಿಲ್ಲ ಬಿಡ ತಂಗೀ, ರವದಿ ಬಡದೈತಿ ಅಷ್ಟ. ಬೆಳಕ ನೋಡಾಕ ಆಗವಲ್ದು" ಎಂದರು. ಬೆಳಕು ನೋಡಲಾಗದ ಕಣ್ಣು, ಆದರೂ ಏನೂ ಆಗಿಲ್ಲ! ಓಣಿಯ ಒಬ್ಬ ಅಜ್ಜಿ ನಾಲಿಗೆಯಿಂದ ಕಸ ತೆಗೆದಿದ್ದಳು. ನಾನು ಚಿಕ್ಕವಳಿದ್ದಾಗ ನನ್ನ ಕಣ್ಣಿನಿಂದಲೂ ಹೀಗೆ ಜೋಳದ ಸುಂಕು ತೆಗೆದಿದ್ದಾರೆ, ಆ ಬೆಚ್ಚನೆಯ ನಾಲಿಗೆಯ ನೆನಪು ನನಗೆ ಈಗಲೂ ಇದೆ. ಪ್ರೀತಿಯಿಂದ ಮಾಡುತ್ತಿದ್ದರು. ಮನುಷ್ಯರ ಬಾಯಿಯಲ್ಲಿ ಇರುವಷ್ಟು ಬಗೆಯ ಬ್ಯಾಕ್ಟೀರಿಯಾ ಕಚ್ಚಿದ ಗಾಯಕ್ಕೂ ಒಳ್ಳೆಯದಲ್ಲ, ಇನ್ನು ಗೀರಿದ ಕಣ್ಣಿಗೆ ಹೇಗೆ ಒಳ್ಳೆಯದಾದೀತು ಎಂದು ಆಗ ಯಾರು ಯೋಚಿಸಿದ್ದರು? ಆಮೇಲೆ ಸೊಸೆ ಹಾಲೂಡುವವಳು ಇದ್ದಳು, ಎದೆಹಾಲು ಹಿಂಡಿದರು. ಮರುದಿನ ನಂದಿಬಟ್ಟಲ ಹೂವಿನ ರಸ.

ಈಗ ನನ್ನ ಪಾಲು. ಆ ವರ್ಷ ದಸರೆಯ ಹೊತ್ತಿಗೆ ನನಗೆ ಪೊರೆಯ ಆಪರೇಷನ್ ಆಗಿತ್ತು. ಹಾಕಿ ಉಳಿದ ಹನಿಯ ಬಾಟಲಿ ಕಪಾಟಿನಲ್ಲಿತ್ತು. ದೊಡ್ಡ ಡಾಕ್ಟರು ಬರೆದುಕೊಟ್ಟ ದುಬಾರಿ ಔಷಧ, ಚೆಲ್ಲಲು ಮನಸ್ಸು ಬಂದಿರಲಿಲ್ಲ. ಊರಿಗೆ ಹೊರಟಿದ್ದ ಅಣ್ಣನ ಮಗನ ಕೈಯಲ್ಲಿ ಅದನ್ನು ಕೊಟ್ಟು ಕಳಿಸಿದೆ. ದಿನಕ್ಕೆ ನಾಲ್ಕು ಸಲ ಹಾಕಿಕೊಳ್ಳಲು ಹೇಳು ಎಂದೂ ಹೇಳಿದೆ. ಬಿ.ಎಡ್. ಮಾಡಿದವಳು, ವಿಜ್ಞಾನ ಕಲಿಸಿದವಳು! ಮರುದಿನ ಫೋನಿನಲ್ಲಿ ವೈನಿ ಎಂದರು, "ನಿನ್ನ ಔಷಧಾ ಭಾಳ ಚೊಲೊ ಐತಿ ತಂಗೀ, ಉರಿ ಕಡಿಮಿ ಆತು." ನನಗೆ ಹೆಮ್ಮೆಯಾಯಿತು.

ಅದು ಸ್ಟೀರಾಯ್ಡ್ ಕೂಡಿದ ಹನಿ. ಆಪರೇಷನ್ನಿನ ನಂತರ ಬಾವು ಇಳಿಸಲು ವೈದ್ಯರ ಕಣ್ಣಳತೆಯಲ್ಲಿ ಹಾಕುವಂಥದ್ದು. ಹುಣ್ಣಾದ ಕಣ್ಣಿಗೆ ವೈದ್ಯರು ನೋಡದೆ ಅದನ್ನು ಹಾಕಿದರೆ ಕೆಂಪು ಇಳಿಯುತ್ತದೆ, ನೋವು ಇಳಿಯುತ್ತದೆ, ಯಾಕೆಂದರೆ ರೋಗದ ಜೊತೆ ದೇಹ ನಡೆಸುತ್ತಿದ್ದ ಹೋರಾಟವೇ ಇಳಿಯುತ್ತದೆ. ಒಳಗೆ ಹುಣ್ಣು ಸದ್ದಿಲ್ಲದೆ ಹರಡುತ್ತದೆ. ಚೀಟಿಯಿಲ್ಲದೆ ಇಂಥ ಹನಿ ಮಾರಬಾರದೆಂದು ಕಾನೂನಿದೆ. ಆದರೂ "ಕಣ್ಣು ಕೆಂಪಾಗೈತಿ, ಒಂದ ಡ್ರಾಪ್ಸ್ ಕೊಡ್ರಿ" ಎಂದರೆ ಎಷ್ಟು ಔಷಧ ಅಂಗಡಿಗಳಲ್ಲಿ ಚೀಟಿ ಕೇಳುತ್ತಾರೆ? ಅಂಗಡಿಯವರನ್ನು ಬೈಯುವ ಹಕ್ಕು ನನಗಿಲ್ಲ ಬಿಡಿ, ನಾನು ಅಂಗಡಿಗೂ ಹೋಗದೆ ಕಪಾಟಿನಿಂದಲೇ ಕೊಟ್ಟವಳು.

ಎಂಟನೆಯ ದಿನ ವಿಜಾಪುರದ ಒಂದು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದರು. ನಾನೂ ಹೋದೆ. ಕರಿಗುಡ್ಡೆಯ ಮೇಲೆ ಕಡಲೆಬೇಳೆಯಷ್ಟು ಬೆಳ್ಳಗಿನ ಮಚ್ಚೆ; ಅದರ ಕೆಳಗೆ, ಕಣ್ಣಿನ ಒಳಗೇ, ಕೀವು ಗೆರೆ ಎಳೆದ ಹಾಗೆ ನಿಂತಿತ್ತು. ಡಾಕ್ಟರಮ್ಮ ಮೊದಲು ಕಣ್ಣನ್ನು ಮುಟ್ಟಲೇ ಇಲ್ಲ. ಕಣ್ಣು ಮತ್ತು ಮೂಗಿನ ನಡುವಿನ ಸಂದಿಯನ್ನು ಬೆರಳಿಂದ ಮೆಲ್ಲಗೆ ಒತ್ತಿದರು. ಕಣ್ಣಿನ ಒಳಮೂಲೆಯಿಂದ ಹಳದಿ ಕೀವು ಉಕ್ಕಿ ಬಂತು. "ಎಷ್ಟು ವರ್ಷದಿಂದ ಈ ಕಣ್ಣಲ್ಲಿ ನೀರು ಬರ್ತದೆ?" ಎಂದು ಕೇಳಿದರು. ಅಣ್ಣ ನನ್ನ ಮುಖ ನೋಡಿದ, ನಾನು ಅಣ್ಣನ ಮುಖ ನೋಡಿದೆ. ಏಳೆಂಟು ವರ್ಷ ಎಂದು ವೈನಿಯೇ ಹೇಳಿದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದನ್ನು ಓದುತ್ತಿರುವ ನಿಮ್ಮಲ್ಲೂ ಕೆಲವರು ಸೆರಗಿನ ತುದಿಯಿಂದ ಒಂದು ಕಣ್ಣನ್ನು ಆಗಾಗ ಒರೆಸಿಕೊಳ್ಳುತ್ತಿರಬಹುದು. ಕಣ್ಣೀರು ಹರಿದು ಹೋಗಲು ಕಣ್ಣಿನ ಮೂಲೆಯಿಂದ ಮೂಗಿನೊಳಕ್ಕೆ ಒಂದು ಸಣ್ಣ ಕೊಳವೆ ಇದೆ, ಅದರ ಮೇಲ್ಭಾಗದಲ್ಲಿ ಪುಟ್ಟ ಚೀಲ. ಕೊಳವೆ ಕಟ್ಟಿಕೊಂಡರೆ ಚೀಲದಲ್ಲಿ ನೀರು ನಿಂತು ಕೊಳೆಯುತ್ತದೆ, ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ನಡುವಯಸ್ಸಿನ ಹೆಂಗಸರಲ್ಲಿಯೇ ಇದು ಹೆಚ್ಚು. ನಮ್ಮಲ್ಲಿ ಆ ದಾರಿ ಕಿರಿದಾಗಿರುವುದು ಕಾರಣವಿರಬಹುದು ಎನ್ನುತ್ತಾರೆ. ಹೀಗೆ ಕೀವು ತುಂಬಿದ ಚೀಲ ಪಕ್ಕದಲ್ಲಿದ್ದರೆ ಕಣ್ಣು ಹಗಲಿರುಳೂ ಅದರಲ್ಲೇ ಮೀಯುತ್ತಿರುತ್ತದೆ. ಆದರೂ ವರ್ಷಗಟ್ಟಲೆ ಏನೂ ಆಗದೆ ಇರಬಹುದು. ಕರಿಗುಡ್ಡೆಯ ಮೇಲೆ ಗಾಜಿನಂಥ ಪಾರದರ್ಶಕ ಪದರವಿದೆ, ಕಾರ್ನಿಯಾ ಎನ್ನುತ್ತಾರೆ. ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರು. ಅದರ ಮೇಲುಸಿಪ್ಪೆ ಹರಿಯದಿರುವವರೆಗೆ ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ಒಳಗೆ ಪ್ರವೇಶವಿಲ್ಲ. ಒಂದು ಗೀರು ಬಿದ್ದರೆ ಬೇಲಿ ಮುರಿದ ಹಾಗೆ. ಅಲ್ಲಿ ರಕ್ತನಾಳವಿಲ್ಲ, ಇದ್ದರೆ ಗಾಜಿನಂತೆ ಇರುತ್ತಿರಲಿಲ್ಲ. ಅದೇ ಕಾರಣಕ್ಕೆ ದೇಹದ ಕಾವಲುಗಾರರು ಅಲ್ಲಿಗೆ ಬರುವುದು ತಡ.

ಹುಣ್ಣನ್ನು ತುಸು ಕೆರೆದು ಗಾಜಿನ ಪಟ್ಟಿಯ ಮೇಲೆ ಹಚ್ಚಿ, ಬಣ್ಣ ಹಾಕಿ ನೋಡಿದರು. ಜೋಡಿ ಜೋಡಿಯಾಗಿ ಕೂತ ಚುಕ್ಕೆಗಳು, ನ್ಯುಮೋಕಾಕಸ್. ನ್ಯುಮೋನಿಯಾ ತರುವ ಅದೇ ಬ್ಯಾಕ್ಟೀರಿಯಾ. ಕಣ್ಣೀರ ಚೀಲದಲ್ಲಿ ಬೀಡುಬಿಡುವುದು ಅದಕ್ಕೆ ಹೊಸದಲ್ಲವಂತೆ. ರವದಿ ಗೀರಿದ್ದಕ್ಕೆ ಬಹಳ ಸಲ ಬೂಷ್ಟಿನ ರೋಗವೂ ಅಂಟುತ್ತದೆ. ಮದುರೆಯಲ್ಲಿ 1994ರ ಮೊದಲ ಮೂರು ತಿಂಗಳಲ್ಲಿ ಇಂಥ ಹುಣ್ಣಿನ 434 ಜನರನ್ನು ಪರೀಕ್ಷಿಸಿದ್ದರು. ರೋಗಾಣು ಸಿಕ್ಕವರಲ್ಲಿ ಶೇಕಡಾ 47ರಷ್ಟು ಜನರಿಗೆ ಬ್ಯಾಕ್ಟೀರಿಯಾ, ಹೆಚ್ಚುಕಡಿಮೆ ಅಷ್ಟೇ ಜನರಿಗೆ ಬೂಷ್ಟು. ಬ್ಯಾಕ್ಟೀರಿಯಾಗಳಲ್ಲಿ ನ್ಯುಮೋಕಾಕಸ್ಸೇ ಮೊದಲು. ಎರಡಕ್ಕೂ ಔಷಧ ಬೇರೆ ಬೇರೆ. ಕನ್ನಡಿಯಲ್ಲಿ ನೋಡಿಕೊಂಡು ಇದು ಇಂಥದ್ದೇ ಎಂದು ಹೇಳಬಲ್ಲವರು ಯಾರೂ ಇಲ್ಲ. ಮಹಿಳಾ ಪುರವಣಿಗಳಲ್ಲಿ "ಕಣ್ಣುರಿಗೆ ಮನೆಮದ್ದು" ಎಂದು ಜೇನು, ಗುಲಾಬಿ ನೀರು, ಹರಳೆಣ್ಣೆ ಬರೆಯುತ್ತಾರಲ್ಲ, ಆ ತಾಯಂದಿರಿಗೆ ನಾನು ಕೈಮುಗಿದು ಕೇಳುತ್ತೇನೆ: ಉಪ್ಪಿನಕಾಯಿಗೆ ಬೂಷ್ಟು ಬರದಂತೆ ಏನು ಮಾಡಬೇಕೆಂದು ಬರೆಯಿರಿ, ಕಣ್ಣನ್ನು ಬಿಟ್ಟುಬಿಡಿರಿ.

ಎರಡು ವರ್ಷದ ಹಿಂದೆಯೇ ಈ ಮಾತು ನಮ್ಮ ಮನೆಗೆ ಬಂದಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಊರ ಹತ್ತಿರ ಪೊರೆಯ ಶಿಬಿರ ನಡೆದಾಗ ವೈನಿ ನೆರೆಯವರ ಜೊತೆ ಹೋಗಿದ್ದರು. ಪೊರೆ ತೆಗೆಯುವ ಮೊದಲು ಕಣ್ಣೀರ ಕೊಳವೆಗೆ ನೀರು ಹಾಯಿಸಿ ನೋಡುತ್ತಾರೆ, ನನಗೂ ನೋಡಿದ್ದರು. ವೈನಿಯದು ಕಟ್ಟಿತ್ತು. ಚೀಲದಲ್ಲಿ ಕೀವಿದೆ, ಮೊದಲು ಅದರ ಆಪರೇಷನ್ ಆಗಬೇಕು, ಅದು ಶಿಬಿರದಲ್ಲಿ ಆಗುವುದಿಲ್ಲ, ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಹೇಳಿ ಕಳಿಸಿದ್ದರು. ಮನೆಗೆ ಮುಟ್ಟುವ ಹೊತ್ತಿಗೆ ಆ ಮಾತು "ಆಪರೇಷನ್ ಬ್ಯಾಡಂದ್ರು" ಎಂದಾಗಿತ್ತು. ಎಲ್ಲರಿಗೂ ನಿರಾಳವಾಯಿತು. ಹೆಂಗಸರ ಕಣ್ಣಲ್ಲಿ ನೀರು ಬರುವುದು ನಮ್ಮಲ್ಲಿ ರೋಗ ಎಂದು ಯಾರಿಗೆ ಅನ್ನಿಸುತ್ತದೆ? ಹೊಗೆಗೆ ಬಂದಿರಬೇಕು, ಉಳ್ಳಾಗಡ್ಡಿಗೆ ಬಂದಿರಬೇಕು, ತವರು ನೆನೆದು ಬಂದಿರಬೇಕು. ಹೆಣ್ಣಿನ ಕಣ್ಣೀರಿನ ಬಗ್ಗೆ ಇಷ್ಟು ಕಾವ್ಯ ಬರೆದ ನಾಡಿನಲ್ಲಿ ಅದು ಯಾಕೆ ಒಂದೇ ಕಣ್ಣಿನಿಂದ ಬರುತ್ತಿದೆ ಎಂದು ಕೇಳಿದವರಿಲ್ಲ.

ಆಸ್ಪತ್ರೆಯಲ್ಲಿ ಉಳಿಯಲು ವೈನಿ ಒಪ್ಪಲಿಲ್ಲ. ಎಮ್ಮೆ ಯಾರು ಹಿಂಡುತ್ತಾರೆ? ಕಟಾವಿನ ಗ್ಯಾಂಗು ಬಂದಿದೆ. ಅಲ್ಲಿಯೇ ಇಂಜೆಕ್ಷನ್ ಔಷಧದಿಂದ ಹನಿ ತಯಾರಿಸಿ ಕೊಟ್ಟು, ತಣ್ಣಗೆ ಇಡಬೇಕು, ಮೊದಲ ಎರಡು ದಿನ ಹಗಲೂ ರಾತ್ರಿ ಗಂಟೆಗೊಮ್ಮೆ ಹಾಕಬೇಕು, ತಪ್ಪಿಸಿದರೆ ಕಣ್ಣು ತೂತಾದೀತು ಎಂದು ಹೇಳಿ ಕಳಿಸಿದರು. ನಾನು ಒಂದು ರಾತ್ರಿ ಇದ್ದು ಹಾಕಿದೆ, ಮರುದಿನ ಮನೆಯಲ್ಲಿ ಕೆಲಸವಿತ್ತು, ಬಂದುಬಿಟ್ಟೆ. ಆಮೇಲಿನ ರಾತ್ರಿ ಯಾರೂ ಎದ್ದಿಲ್ಲ. ಸುಳ್ಳು, ಎದ್ದಿದ್ದಾರೆ. ತ್ರೀ ಫೇಸ್ ಕರೆಂಟು ಬಂದಾಗ ಕಬ್ಬಿಗೆ ನೀರು ಹಾಯಿಸಲು ಮೋಟರು ಚಾಲೂ ಮಾಡಲು ಅಣ್ಣ ನಡುರಾತ್ರಿ ಎರಡು ಸಲ ಎದ್ದು ಹೊಲಕ್ಕೆ ಹೋಗಿ ಬಂದಿದ್ದಾನೆ. ಹನಿಯ ಬಾಟಲಿ ಪಡಸಾಲೆಯ ಮಾಡದಲ್ಲೇ ಇತ್ತು. ಅಣ್ಣ ಕೆಟ್ಟವನಲ್ಲ. ವೈನಿಯೂ ಎಬ್ಬಿಸಲಿಲ್ಲ. "ದಣದ ಬಂದಿರ್ತಾರ, ಹೆಂಗ ಎಬ್ಬಸ್ಲಿ?"

ಹುಣ್ಣು ಮಾದಿತು. ಮಾದ ಜಾಗದಲ್ಲಿ ಹೂವು ಬಿತ್ತು. ಎಂಥ ಸುಂದರ ಮಾತು ನೋಡಿ, ಕಣ್ಣಿಗೆ ಹೂವು ಬೀಳುವುದು!

ಇದು ನಮ್ಮ ಮನೆಯೊಂದರ ದುರ್ದೈವ ಎಂದು ಬಿಟ್ಟುಬಿಡಬಹುದಿತ್ತು. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐವತ್ತು ದಾಟಿದವರ ಕುರುಡುತನಕ್ಕೆ ಮೊದಲ ಕಾರಣ ಪೊರೆ, ಶೇಕಡಾ 66. ಐವತ್ತರೊಳಗಿನವರಲ್ಲಿ ಮೊದಲ ಕಾರಣ ಈ ಹೂವೇ, ಶೇಕಡಾ 37.5. ಅದೂ ಎರಡೂ ಕಣ್ಣು ಹೋದವರ ಲೆಕ್ಕ. ಒಂದೇ ಕಣ್ಣು ಕಳೆದುಕೊಂಡವರು ಅದರಲ್ಲಿ ಇಲ್ಲ. ಹುಣ್ಣು ಸಾಮಾನ್ಯವಾಗಿ ಒಂದೇ ಕಣ್ಣಿಗೆ ಆಗುತ್ತದೆ. ಅಂದರೆ ಈ ರೋಗ ತಿನ್ನುವುದರಲ್ಲಿ ಬಹುಪಾಲು ಲೆಕ್ಕದ ಹೊರಗೇ ನಡೆಯುತ್ತದೆ.

ಲೆಕ್ಕಕ್ಕೆ ಬಂದದ್ದಕ್ಕೆ ಏನಾಗುತ್ತದೆ ನೋಡಿ. ಟ್ರಕೋಮಾ ಎಂಬುದೂ ಬ್ಯಾಕ್ಟೀರಿಯಾದಿಂದಲೇ ಬರುವ ಕಣ್ಣಿನ ರೋಗ. ತಾಯಿಯಿಂದ ಮಕ್ಕಳಿಗೆ, ಮಕ್ಕಳಿಂದ ತಾಯಿಗೆ, ಒಂದೇ ಟವೆಲ್ಲು, ಒಂದೇ ಕಾಡಿಗೆಯ ಬೆರಳಿನಿಂದ ಹರಡುವಂಥದ್ದು. ಅದಕ್ಕೆ 1963ರಲ್ಲಿಯೇ ರಾಷ್ಟ್ರೀಯ ಕಾರ್ಯಕ್ರಮ ಬಂತು, 1976ರಲ್ಲಿ ಅದು ಅಂಧತ್ವ ನಿಯಂತ್ರಣ ಕಾರ್ಯಕ್ರಮದೊಳಗೆ ಸೇರಿತು. 2024ರ ಅಕ್ಟೋಬರಿನಲ್ಲಿ ಭಾರತದಲ್ಲಿ ಟ್ರಕೋಮಾ ಇನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಸಂತೋಷ. ಎಣಿಸಿದರು, ಬೆನ್ನುಹತ್ತಿದರು, ಸೋಲಿಸಿದರು. ರವದಿಯಲ್ಲಿ ಕಣ್ಣು ಗೀರಿಸಿಕೊಂಡ ಹೆಂಗಸಿನ ಬೆನ್ನು ಹತ್ತಿದವರು ಯಾರು?

ಕೆಲವರು ಹತ್ತಿದ್ದರು. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಬಣ್ಣದ ಪಟ್ಟಿ, ನೀಲಿ ಟಾರ್ಚು, ಕ್ಲೋರಾಂಫೆನಿಕಾಲ್ ಮುಲಾಮು ಕೊಟ್ಟು ಎರಡು ವರ್ಷ ನೋಡಿದರು. ಕಣ್ಣು ಗೀರಿದವರಿಗೆ ದಿನಕ್ಕೆ ಮೂರು ಸಲ, ಮೂರು ದಿನ ಮುಲಾಮು, ಅಷ್ಟೆ. ಪೆಟ್ಟಾದ 18 ಗಂಟೆಯೊಳಗೆ ಬಂದ ಒಬ್ಬರಿಗೂ ಹುಣ್ಣಾಗಲಿಲ್ಲ. 2001ರಲ್ಲಿ ಇದು ಪ್ರಕಟವಾಯಿತು. ಮುಂದೆ ಅದೇ ನೇಪಾಳದಲ್ಲಿ ಇನ್ನೂ ದೊಡ್ಡದಾಗಿ ಮಾಡಿ ನೋಡಿದಾಗ ಊರುಗಳ ಒಟ್ಟು ಹುಣ್ಣಿನ ಲೆಕ್ಕ ಇಳಿಯಲಿಲ್ಲ ಎಂದು 2022ರಲ್ಲಿ ವರದಿ ಬಂತು. ವೈದ್ಯಕೀಯ ಓದುತ್ತಿರುವ ನನ್ನ ಸೋದರಸೊಸೆ ಇದನ್ನು ಹೇಳಿ, "ಹಾಗಾದ್ರ ಮುಲಾಮು ಹಂಚಿದ್ರ ಸಾಲೂದಿಲ್ಲ ಅತ್ತಿ" ಎಂದಳು. ಕಾರಣವನ್ನು ಪಂಡಿತರು ಹೇಳಲಿ. ನನಗಂತೂ ಆಶ್ಚರ್ಯವಾಗಲಿಲ್ಲ. ಮುಲಾಮು ಆಶಾ ಕಾರ್ಯಕರ್ತೆಯ ಚೀಲದಲ್ಲಿರಬಹುದು. "ಏನ ಆಗಿಲ್ಲ ಬಿಡು" ಎನ್ನುವ ಹೆಂಗಸು ಅವಳ ಮನೆಗೆ ಹೋಗಬೇಕಲ್ಲ? ಹದಿನೆಂಟು ಗಂಟೆ. ವೈನಿ ಆ ಹದಿನೆಂಟು ಗಂಟೆಯಲ್ಲಿ ಎರಡು ಹೊತ್ತು ರೊಟ್ಟಿ ಬಡಿದು, ಎಮ್ಮೆ ಹಿಂಡಿ, ಮತ್ತೆ ಅದೇ ಕಬ್ಬಿನ ಹೊಲಕ್ಕೆ ಹೋಗಿದ್ದರು.

ಹಾಗೆಂದು ಇದು ಹೊಲದ ಹೆಂಗಸರ ರೋಗ, ನಮಗೇನು ಎಂದು ಪೇಟೆಯಲ್ಲಿರುವವರು ಪುಟ ತಿರುವಬೇಡಿ. ಹಾಸ್ಟೆಲಿನಲ್ಲಿರುವ ನಿಮ್ಮ ಮಗಳು ಕಣ್ಣಿನ ಲೆನ್ಸ್ ತೆಗೆಯದೆ ಮಲಗುತ್ತಾಳೆಯೇ, ನಲ್ಲಿ ನೀರಿನಲ್ಲಿ ತೊಳೆಯುತ್ತಾಳೆಯೇ, ಕೇಳಿ. ಅಲ್ಲಿ ಬರುವ ಬ್ಯಾಕ್ಟೀರಿಯಾದ ಹೆಸರು ಸೂಡೊಮೊನಾಸ್. ಅದು ನ್ಯುಮೋಕಾಕಸ್ಸಿಗಿಂತ ಅವಸರದ್ದು, ಒಂದೆರಡು ದಿನದಲ್ಲೇ ಕಾರ್ನಿಯಾವನ್ನು ಕರಗಿಸಬಲ್ಲದು.

2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ ತೀರಿಕೊಂಡರು. ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ನಾನೂ ಅತ್ತಿದ್ದೇನೆ, ನಮ್ಮ ಮಹಿಳಾ ಮಂಡಳದಲ್ಲಿ ಸಾಲಾಗಿ ನಿಂತು ನೇತ್ರದಾನದ ಅರ್ಜಿಗೆ ಸಹಿ ಮಾಡಿದ್ದೇನೆ. ಆ ದಿನ ಮನೆಗೆ ಬಂದು ವೈನಿಯವರಿಗೂ ಕಣ್ಣು ಹಾಕಿಸಬಹುದೇ ಎಂದು ಡಾಕ್ಟರಮ್ಮನನ್ನು ಕೇಳಿದೆ. ಕಲೆಯೊಳಗೆ ರಕ್ತನಾಳ ಬೆಳೆದುಬಿಟ್ಟಿವೆ, ಹಾಕಿದ ಕಾರ್ನಿಯಾವನ್ನು ದೇಹ ತಿರಸ್ಕರಿಸುವ ಸಂಭವ ಹೆಚ್ಚು, ಹಾಕಿದರೂ ವರ್ಷಗಟ್ಟಲೆ ಔಷಧ, ಪದೇಪದೇ ತಪಾಸಣೆ ಎಂದರು. ಎರಡು ದಿನ ಗಂಟೆಗೊಮ್ಮೆ ಹನಿ ಹಾಕದ ಮನೆ ಅದನ್ನು ನಿಭಾಯಿಸುತ್ತದೆಯೇ? ಸತ್ತ ಮೇಲೆ ಕಣ್ಣು ಕೊಡುತ್ತೇನೆಂದು ಪೇಪರಿನಲ್ಲಿ ಫೋಟೋ ಹಾಕಿಸಿಕೊಂಡ ನಾವು, ಬದುಕಿರುವ ಕಣ್ಣಿಗೆ ಒಂದು ಬಸ್ ಚಾರ್ಜು ಖರ್ಚು ಮಾಡಲಾರೆವು. ನೇತ್ರದಾನ ಬೇಡವೆನ್ನುತ್ತಿಲ್ಲ. ಕೊಡುವವರ ಸಾಲಿಗಿಂತ ಬೇಕಾದವರ ಸಾಲು ಉದ್ದವಾಗದಂತೆ ನೋಡಿಕೊಳ್ಳುವುದು ಯಾರ ಕೆಲಸ ಎಂದು ಕೇಳುತ್ತಿದ್ದೇನೆ.

ಕಬ್ಬಿನ ಗ್ಯಾಂಗಿನ ಹೆಂಗಸರಿಗೆ, ರವದಿ ಸುಲಿಯುವವರಿಗೆ ಕಣ್ಣು ಮುಚ್ಚುವ ಸಾದಾ ಪ್ಲಾಸ್ಟಿಕ್ ಕನ್ನಡಕ ಕಾರ್ಖಾನೆಗಳು ಕೊಡಲಿ. ಟನ್ ಕಬ್ಬಿನ ಲೆಕ್ಕದಲ್ಲಿ ಅದು ಎಷ್ಟರ ಬಾಬತ್ತು? ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಬಣ್ಣದ ಪಟ್ಟಿ, ಆ ನೀಲಿ ಟಾರ್ಚು ಇರಲಿ. ಶಿಬಿರದಿಂದ ಕಣ್ಣೀರ ಚೀಲದ ಕಾರಣಕ್ಕೆ ವಾಪಸು ಕಳಿಸಿದವರ ಹೆಸರನ್ನು ಬರೆದಿಟ್ಟುಕೊಂಡು ಆಪರೇಷನ್ ಆಯಿತೇ ಎಂದು ಕೇಳುವ ಒಬ್ಬ ಮನುಷ್ಯ ಇರಲಿ. ಒಂದು ಕಣ್ಣು ಹೋದದ್ದನ್ನೂ ಎಣಿಸಲಿ. ಇದನ್ನೆಲ್ಲ ಕೇಳುತ್ತಲೇ, ನನ್ನ ಕಪಾಟಿನಲ್ಲಿ ಈಗ ಉಳಿದ ಹನಿಯ ಬಾಟಲಿ ಒಂದೂ ಇಲ್ಲ ಎಂಬುದನ್ನೂ ಹೇಳಬೇಕು. ತೆರೆದು ತಿಂಗಳಾದದ್ದನ್ನು ಚೆಲ್ಲುತ್ತೇನೆ.

ಹೋದ ತಿಂಗಳು ಸಾವಳಗಿಗೆ ಹೋಗಿದ್ದೆ. ವೈನಿ ರೊಟ್ಟಿ ಬಡಿಯುತ್ತ ಕೂತಿದ್ದರು. ಬಲಗಣ್ಣನ್ನು ಸೆರಗಿನಿಂದ ಎರಡು ಸಲ ಒರೆಸಿಕೊಂಡರು. ನಾನು ಹತ್ತಿರ ಹೋಗಿ, ಡಾಕ್ಟರಮ್ಮ ಒತ್ತಿದ ಹಾಗೆ ಮೂಗಿನ ಪಕ್ಕದ ಸಂದಿಯನ್ನು ಒತ್ತಿದೆ. ನೀರು ಬಂತು, ಕೀವು ಇನ್ನೂ ಇಲ್ಲ. ಆ ಕಟ್ಟಿದ ಕೊಳವೆಯನ್ನು ದಾಟಿ ಮೂಗಿನೊಳಕ್ಕೆ ಹೊಸ ದಾರಿ ಮಾಡುವ ಆಪರೇಷನ್ ಇದೆ, ದೊಡ್ಡದೇನಲ್ಲ. ಎಡಗಡೆಯದನ್ನು ಕಣ್ಣು ಹೋದ ಮೇಲೆ ಮಾಡಿಸಿದ್ದೆವು. ಅಣ್ಣನಿಗೆ ಹೇಳಿದೆ. "ಮಾಡಸೂಣು, ಯಾಕ ಬ್ಯಾಡ? ಕಟಾವು ಮುಗೀಲಿ" ಎಂದ.

ಕಟಾವು ಮುಗಿದಿಲ್ಲ. ಆಸ್ಪತ್ರೆಯಲ್ಲಿ ಈ ಗುರುವಾರದ ತಾರೀಖು ತೆಗೆದುಕೊಂಡಿದ್ದೇನೆ, ಬುಧವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಎಮ್ಮೆ ಯಾರು ಹಿಂಡುತ್ತಾರೆ ಎಂದು ವೈನಿ ಆಗಲೇ ಫೋನಿನಲ್ಲಿ ಕೇಳಿದ್ದಾರೆ. ಅಣ್ಣ ಹಿಂಡುತ್ತಾನೆ ಎಂದಿದ್ದೇನೆ. ಅವನಿಗೆ ಇನ್ನೂ ಹೇಳಿಲ್ಲ.